ರಿಲೀಸ್‌ಗೆ ಎರಡೇ ದಿನ ಇದ್ದಾಗ ಯಾವ ಟೆಸ್ಟ್ ಮೊದಲು?

ನಾನು ಟೆಸ್ಟರ್. ನಮ್ಮ ತಂಡ ಹಳ್ಳಿ ಡೈರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತದೆ. ಟೆಸ್ಟ್ ಕೇಸ್ 300, ಇರುವುದು ಎರಡು ದಿನ. ಸುಮ್ನೆ ಮೇಲಿಂದ ಶುರು ಮಾಡಿದರೆ ಮುಖ್ಯವಾದದ್ದೇ ಉಳಿದುಬಿಡುತ್ತದೆ.

ಮೊದಲು ಫೀಚರ್‌ಗಳ ಪಟ್ಟಿ ಮಾಡಿ. ಒಂದೊಂದಕ್ಕೂ 1ರಿಂದ 5ರೊಳಗೆ ಎರಡು ಅಂಕ ಕೊಡಿ. ಕೆಡುವ ಸಾಧ್ಯತೆ ಎಷ್ಟು? ಕೆಟ್ಟರೆ ಪೆಟ್ಟು ಎಷ್ಟು? ಎರಡನ್ನೂ ಗುಣಿಸಿ, ಜಾಸ್ತಿ ಬಂದದ್ದನ್ನು ಮೇಲಿಡಿ.

ಅಂಕ ಕೊಡುವಾಗ ಡೆವಲಪರ್, ಸಪೋರ್ಟ್‌ನವರು ಜೊತೆಗಿರಲಿ. ಹಾಲಿನ ಚೀಟಿ ಪ್ರಿಂಟ್ ಆಗುವುದಕ್ಕೆ ನಾನು ಪೆಟ್ಟು 2 ಅಂದಿದ್ದೆ. ಸಪೋರ್ಟ್‌ನವರು ಒಪ್ಪಲಿಲ್ಲ. ಹಾಲು ಹಾಕಿದವರ ಕೈಯಲ್ಲಿ ಉಳಿಯುವ ಸಾಕ್ಷಿ ಆ ಚೀಟಿ ಒಂದೇ ಅಲ್ವಾ? 4 ಮಾಡಿದೆವು.

ಎಡವುವುದು ಹಳೆಯ ಕೋಡ್‌ನಲ್ಲಿ. ಫ್ಯಾಟ್ ನೋಡಿ ಹಾಲಿಗೆ ದರ ಹಾಕುವ ಲೆಕ್ಕ ವರ್ಷಗಳಿಂದ ಸರಿಯಾಗಿತ್ತು, ಯಾರೂ ಮುಟ್ಟಿರಲಿಲ್ಲ. ಸಾಧ್ಯತೆ 1 ಅಂತ ಬರೆದೆವು. ಆದರೆ ಆ ಸಲ ಫ್ಯಾಟ್ ಅಳೆಯುವ ಯಂತ್ರ ಹೊಸದು. ಅದು 3.48 ಅಂತ ಕಳಿಸುತ್ತಿತ್ತು, ನಮ್ಮ ಕೋಡ್ ಕೊನೆಯ ಅಂಕೆ ಬಿಟ್ಟು 3.4 ಅಂತ ಓದುತ್ತಿತ್ತು. ಒಂದು ಬಟವಾಡೆ ಪೂರ್ತಿ ರೈತರಿಗೆ ದುಡ್ಡು ಕಡಿಮೆ ಹೋಯಿತು. ಆ ನೋವು ನನಗೆ ಇನ್ನೂ ಇದೆ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್‌ಗೆ ಆದದ್ದೂ ಇದೇ. ಹಿಂದಿನ ರಾಕೆಟ್ ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಕೋಡನ್ನೇ ಅದರಲ್ಲೂ ಇಟ್ಟಿದ್ದರು. ಹೊಸ ರಾಕೆಟ್‌ನ ಅಡ್ಡವೇಗ ಜಾಸ್ತಿ. ಅದಕ್ಕೆ ಸಂಬಂಧಿಸಿದ ಸಂಖ್ಯೆ ಕೋಡ್‌ನಲ್ಲಿ ಇಟ್ಟಿದ್ದ 16 ಬಿಟ್‌ನ ಜಾಗದಲ್ಲಿ ಹಿಡಿಯದಷ್ಟು ದೊಡ್ಡದಾಯಿತು. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರಾಯಿತು. ಹೊಸ ರಾಕೆಟ್ ಹಾರುವ ದಾರಿಯ ಡೇಟಾ ಕೊಟ್ಟು ಆ ಭಾಗವನ್ನು ಟೆಸ್ಟ್ ಮಾಡಿರಲಿಲ್ಲ.

ಹಾಗಾಗಿ ಕೋಡ್ ಬದಲಾಯಿತಾ ಅಂತ ಕೇಳಿ ಬಿಡಬೇಡಿ. ಅದಕ್ಕೆ ಬರುವ ಡೇಟಾ, ಯಂತ್ರ, ಬಳಸುವ ಜನ ಬದಲಾದರಾ ಅಂತಲೂ ಕೇಳಿ. ಒಂದಕ್ಕೆ ಹೌದು ಅಂದರೂ ನಾನು ಸಾಧ್ಯತೆಯನ್ನು 3ಕ್ಕಿಂತ ಕೆಳಗಿಡುವುದಿಲ್ಲ.

ಗುಣಿಸಿದ್ದು 15 ದಾಟಿದರೆ ಅಂಚಿನ ಸಂಖ್ಯೆಗಳು (ತೀರಾ ಚಿಕ್ಕವು, ತೀರಾ ದೊಡ್ಡವು), ತಪ್ಪು ಡೇಟಾ, ನಡುವೆ ಕರೆಂಟ್ ಹೋಗುವುದು, ಎಲ್ಲವನ್ನೂ ನೋಡಿ. ಮಧ್ಯದವಕ್ಕೆ ದಿನನಿತ್ಯದ ಬಳಕೆಯನ್ನು ನೋಡಿದರೆ ಸಾಕು. 5ಕ್ಕಿಂತ ಕಡಿಮೆ ಇದ್ದರೆ ಒಮ್ಮೆ ತೆರೆದು ನೋಡಿ ಮುಂದೆ ಹೋಗಿ. ಒಂದು ಕಡೆ ಬಗ್ ಸಿಕ್ಕರೆ ಆ ಸಂಜೆಯೇ ಅಲ್ಲಿನ ಅಂಕ ಏರಿಸಿ.

ಟೆಸ್ಟ್ ಮಾಡದೆ ಬಿಟ್ಟದ್ದನ್ನೂ ಬರೆದಿಡಿ. ರಿಲೀಸ್‌ಗೆ ಒಪ್ಪಿಗೆ ಕೊಡುವವರು ಅದನ್ನು ಓದಿಯೇ ಸಹಿ ಹಾಕಲಿ.