ಕಬ್ಬಿನ ಹಾಲಿನಿಂದ ಪೆಂಟಿಯವರೆಗೆ: ಹೈಡ್ರೋಸ್ ಹಾಕದೆ ಬೆಲ್ಲ ತೆಗೆಯುವ ಬಗೆ

ಮಹಾಲಿಂಗಪುರದ ಪೇಟೆಗೆ ಹೋದ ಬೆಲ್ಲಕ್ಕೆ ಮೊದಲ ಪರೀಕ್ಷೆ ಕಣ್ಣಿನದು. ಬಂಗಾರದ ಹಳದಿ ಇದ್ದರೆ ದರ ಏರುತ್ತದೆ, ಕಂದು ಇದ್ದರೆ ಇಳಿಯುತ್ತದೆ. ಗಾಣದ ಮನೆಗೆ ಹೈಡ್ರೋಸ್ ಪುಡಿ (ಗಂಧಕ ಇರುವ ಸೋಡಿಯಂ ಹೈಡ್ರೋಸಲ್ಫೈಟ್) ಹೊಕ್ಕಿದ್ದು ಈ ದಾರಿಯಲ್ಲೇ. ಆ ಪುಡಿ ಬಣ್ಣವನ್ನು ತಿಳಿ ಮಾಡುತ್ತದೆ ನಿಜ. ಆದರೆ ಎಳೆ ಕಬ್ಬು, ಹುಳಿತ ಹಾಲು, ಎತ್ತದೆ ಬಿಟ್ಟ ರಾಡಿ (ಕಾಸುವಾಗ ಮೇಲೆ ಬರುವ ಕೊಳೆ) ಎಲ್ಲ ಒಳಗೇ ಉಳಿದಿರುತ್ತವೆ. ಗಾಳಿ ತಾಗುತ್ತ ಹೋದಂತೆ ಬಣ್ಣವೂ ಮತ್ತೆ ಕಪ್ಪಿಗೆ ತಿರುಗುತ್ತದೆ. ಈ ಪುಡಿಯಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಕಣ್ಣಳತೆಯಲ್ಲಿ ಮುಷ್ಟಿಗಟ್ಟಲೆ ಪುಡಿ ಎರಚುವ ಕಡೆ ಆ ಮಿತಿ ಉಳಿಯುವುದು ಕಷ್ಟ.

ಪುಡಿ ಇಲ್ಲದೆಯೂ ಗಟ್ಟಿಯಾದ, ತಿಳಿಯಾದ ಬೆಲ್ಲ ಬರುತ್ತದೆ. ಅದಕ್ಕೆ ಬೇಕಾದ ಕೆಲಸದಲ್ಲಿ ಅರ್ಧ ಹೊಲದಲ್ಲಿ ಮುಗಿದಿರಬೇಕು, ಉಳಿದರ್ಧ ಹಾಲು ಕುದಿಯುವ ಮುಂಚೆ. ಇಲ್ಲಿ ಹೇಳುವ ಅಳತೆಗಳೆಲ್ಲ ಒಂದು ಟನ್ ಕಬ್ಬಿನ ಒಂದು ಅಡಿಗೆಗೆ, ಅಂದರೆ ಒಂದು ಸಲ ಕಡಾಯಿ ಏರಿಸಿ ಕಾಸುವುದಕ್ಕೆ. ವಿದ್ಯುತ್ ಗಾಣದಲ್ಲಿ ಒಂದು ಟನ್ನಿಗೆ ಸುಮಾರು 600 ಕಿಲೋ ಹಾಲು ಇಳಿಯುತ್ತದೆ, ಅದರಿಂದ 100ರಿಂದ 115 ಕಿಲೋ ಬೆಲ್ಲ ಬರುತ್ತದೆ. ಕಡಾಯಿ 7 ಅಡಿ ಅಗಲ, ಒಂದೂವರೆ ಅಡಿ ಆಳ ಇರಲಿ. ಹಾಲು ಮೂರರಲ್ಲಿ ಒಂದು ಪಾಲು ಮಾತ್ರ ತುಂಬಬೇಕು, ಉಳಿದ ಜಾಗ ನೊರೆಗೆ.

ಯಾವ ಕಬ್ಬು, ಯಾವಾಗ

ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ ಕಬ್ಬಿನ ಮೇಲೆಯೇ ಕೆಲಸ ಮಾಡುತ್ತದೆ. ನಿಮ್ಮ ಮಣ್ಣಿಗೆ ಹೊಂದುವ ತಳಿಯನ್ನು ಅಲ್ಲಿ ಕೇಳಬಹುದು. ಈ ಭಾಗದಲ್ಲಿ ಬೆಲ್ಲಕ್ಕೆ ಕೊ 86032 ನಂಬಿಗಸ್ತ ತಳಿ. ಕೊಎಂ 0265 ತಳಿ ಸವಳು ನೆಲ ತಾಳುತ್ತದೆ, ತೂಕವನ್ನೂ ಕೊಡುತ್ತದೆ. ಕಾರ್ಖಾನೆಗೆ ಕಳಿಸುವವರಿಗೆ ಅದು ಸರಿ, ಬೆಲ್ಲಕ್ಕೆ 86032 ಮೇಲು.

ತಳಿಗಿಂತ ನೆಲದ್ದೇ ಹೆಚ್ಚು ತಕರಾರು. ಘಟಪ್ರಭಾ, ಕೃಷ್ಣಾ ದಂಡೆಯ ಎರೆ ಹೊಲಗಳಲ್ಲಿ ನೀರು ಹೆಚ್ಚಾಗಿ ಸವಳು-ಜವಳು ಬಿದ್ದ ಪಟ್ಟಿಗಳಿವೆ. ಅಲ್ಲಿ ಬೆಳೆದ ಕಬ್ಬಿನ ಬೆಲ್ಲ ನಾಲಿಗೆಗೆ ಉಪ್ಪುಪ್ಪು, ಮಳೆಗಾಲದಲ್ಲಿ ಬೇಗ ಬೆವರುತ್ತದೆ. ಅಂಥ ಪಟ್ಟಿಯ ಕಬ್ಬನ್ನು ಬೇರೆ ಮಾಡಿ ಕಾರ್ಖಾನೆಗೆ ಕಳಿಸುವುದೇ ಜಾಣತನ.

ಯೂರಿಯಾ ಇನ್ನೊಂದು ಶತ್ರು. 12 ತಿಂಗಳ ಬೆಳೆಗೆ ಐದನೇ ತಿಂಗಳ ನಂತರ ಯೂರಿಯಾ ಕೊಟ್ಟರೆ ಕಬ್ಬು ಬೆಳೆಯುತ್ತಲೇ ಇರುತ್ತದೆ, ಮಾಗುವುದಿಲ್ಲ. ಹಾಲಿನಲ್ಲಿ ಸಾರಜನಕದ ಅಂಶ ಉಳಿದು ಕಾಸುವಾಗ ಕಪ್ಪಾಗುತ್ತದೆ.

ಮಾಗಿದ್ದನ್ನು ತಿಳಿಯಲು ಹಾಲಿನ ಸಿಹಿ ಅಳೆಯುವ, ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರ್ ಸಾಕು. ಒಂದೇ ಜಲ್ಲೆಯ ಬುಡದ ಹಾಲು, ತುದಿಯ ಹಾಲು ಎರಡನ್ನೂ ನೋಡಿ. ಬುಡದಲ್ಲಿ 21, ತುದಿಯಲ್ಲಿ 20 ಬಂದರೆ ಕಡಿಯಬಹುದು. ಬುಡದಲ್ಲಿ 20 ಇದ್ದು ತುದಿಯಲ್ಲಿ 15 ಬಂದರೆ ಇನ್ನೂ ಎಳೆಯದು. ತುದಿಯ ಅಂಕಿ ಬುಡದ್ದಕ್ಕಿಂತ ಮೇಲೆ ಹೋದರೆ ಕಬ್ಬು ಹಣ್ಣಾಗಿ ದಾಟಿದೆ. ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಕಡಿಯುವ 10–15 ದಿನ ಮೊದಲು ನೀರು ನಿಲ್ಲಿಸಿ.

ಕಡಿಯುವಾಗ ನೆಲಕ್ಕೆ ಹತ್ತಿ ಕಡಿಯಿರಿ, ರವದಿ (ಒಣಗಿದ ಗರಿ) ಪೂರ್ತಿ ಸುಲಿಯಿರಿ, ತುದಿಯ ಎರಡು-ಮೂರು ಗಣ್ಣು ತೆಗೆದುಹಾಕಿ. ಆ ಗಣ್ಣುಗಳಲ್ಲಿ ಸಕ್ಕರೆಗಿಂತ ಗ್ಲುಕೋಸು, ಲವಣ ಹೆಚ್ಚು. ಅವು ಬೆಲ್ಲವನ್ನು ಮೆತ್ತಗೆ ಮಾಡುತ್ತವೆ. ಕಡಿದ ಕಬ್ಬನ್ನು 12 ಗಂಟೆಯೊಳಗೆ ಅರೆಯುವುದು ಉತ್ತಮ, 24 ದಾಟಿಸಲೇಬೇಡಿ. ಬಿಸಿಲಿಗೆ ಬಿದ್ದ ಕಬ್ಬಿನಲ್ಲಿ ಸಕ್ಕರೆ ತಾನಾಗಿಯೇ ಒಡೆದು ಗ್ಲುಕೋಸು, ಫ್ರಕ್ಟೋಸು ಆಗುತ್ತದೆ. ಹಾಗೆ ಒಡೆದದ್ದು ಮತ್ತೆ ಹರಳಾಗುವುದಿಲ್ಲ, ಎಷ್ಟು ಕಾಸಿದರೂ ಅಂಟಾಗಿಯೇ ಉಳಿಯುತ್ತದೆ.

ಅರೆಯುವುದು

ಮೂರು ರೋಲರಿನ ಗಾಣದಲ್ಲಿ ಕಬ್ಬು ಒಳಹೋಗುವ ಸಂದಿಗಿಂತ ಸಿಪ್ಪೆ ಹೊರಬರುವ ಸಂದಿ ಬಿಗಿ ಇರಬೇಕು. ಸಿಪ್ಪೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿ: ಹನಿ ಬಿದ್ದರೆ ಸಂದಿ ಸಡಿಲ. 100 ಕಿಲೋ ಕಬ್ಬು ತೂಗಿ ಅರೆದು, ಹಾಲನ್ನೂ ತೂಗಿ. 60 ಕಿಲೋಗಿಂತ ಕಡಿಮೆ ಬಂದರೆ ರೋಲರು ಸವೆದಿದೆ ಅಥವಾ ಸಂದಿ ತಪ್ಪಿದೆ. ಒಂದು ಟನ್ನಿನಲ್ಲಿ 50 ಕಿಲೋ ಹಾಲು ಸಿಪ್ಪೆಯಲ್ಲೇ ಉಳಿದರೆ ಹೆಚ್ಚುಕಡಿಮೆ 9 ಕಿಲೋ ಬೆಲ್ಲ ಒಲೆಗೆ ಹಾಕಿದಂತೆ. ಬೇರಿಂಗಿನ ಗ್ರೀಸು ಹಾಲಿಗೆ ಇಳಿಯದಂತೆ ಒಂದು ತಗಡಿನ ತಡೆ ಹಾಕಿಸಿ; ಹಲವು ಗಾಣಗಳಲ್ಲಿ ಇದೊಂದನ್ನು ಯಾರೂ ನೋಡುವುದೇ ಇಲ್ಲ. ಗಾಣಕ್ಕೆ ಕಬ್ಬು ಕೊಡುವವರು ಸೆರಗು, ಧೋತರದ ಚುಂಗು, ಟವೆಲು ಬಿಗಿಯಾಗಿ ಸಿಕ್ಕಿಸಿಕೊಂಡಿರಲಿ.

ಹಾಲನ್ನು ಮೊದಲು ಜಾಳಿಗೆಯಲ್ಲಿ, ಆಮೇಲೆ ಬಟ್ಟೆಯಲ್ಲಿ ಸೋಸಿ, 20–30 ನಿಮಿಷ ತೊಟ್ಟಿಯಲ್ಲಿ ನಿಲ್ಲಿಸಿ. ಮಣ್ಣು ತಳಕ್ಕೆ ಕೂರುತ್ತದೆ. ತಳದಿಂದ ಎರಡು ಇಂಚು ಮೇಲಿರುವ ನಳದಿಂದ ತಿಳಿ ಹಾಲು ತೆಗೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದರೆ ಹುಳಿಯಲು ಹತ್ತುತ್ತದೆ. ಗಾಣ, ತೊಟ್ಟಿ, ಬಟ್ಟೆ ಮೂರನ್ನೂ ಪ್ರತಿ ಸಂಜೆ ಬಿಸಿನೀರಿನಲ್ಲಿ ತೊಳೆಯಿರಿ. ಬಟ್ಟೆ ಕೈಗೆ ಲೋಳೆಲೋಳೆ ಅನ್ನಿಸಿದರೆ ಸೂಕ್ಷ್ಮಾಣು ಆಗಲೇ ಮನೆ ಮಾಡಿದೆ ಎಂದರ್ಥ.

ಒಲೆಯ ಲೆಕ್ಕ

ಕಬ್ಬಿನ ಚೆಲುವು ಇರುವುದು ಇಲ್ಲಿ: ಹಾಲು ಕೊಟ್ಟ ಜಲ್ಲೆಯ ಸಿಪ್ಪೆಯೇ ಆ ಹಾಲನ್ನು ಕಾಸಬೇಕು. ಒಂದು ಟನ್ನಿಗೆ ಸುಮಾರು 400 ಕಿಲೋ ಹಸಿ ಸಿಪ್ಪೆ ಬರುತ್ತದೆ. ಅದರಲ್ಲಿ ಅರ್ಧ ನೀರು. ಚೆನ್ನಾಗಿ ಒಣಗಿಸಿದರೆ 220 ಕಿಲೋ ಆಸುಪಾಸು ಉಳಿಯುತ್ತದೆ. ಒಳ್ಳೆಯ ಒಲೆಗೆ ಒಂದು ಕಿಲೋ ಬೆಲ್ಲಕ್ಕೆ 2 ಕಿಲೋ ಒಣ ಸಿಪ್ಪೆ ಸಾಕು. ಅಂದರೆ 110 ಕಿಲೋ ಬೆಲ್ಲಕ್ಕೆ 220 ಕಿಲೋ, ಲೆಕ್ಕ ಅಲ್ಲಿಗಲ್ಲಿಗೆ ಸರಿ. ಕೆಟ್ಟ ಒಲೆ 3 ಕಿಲೋ ತಿನ್ನುತ್ತದೆ. ಆಗ ಕಟ್ಟಿಗೆ ತರುವುದು, ಹೊಲದ ರವದಿ ಸುಡುವುದು, ಕೊನೆಗೆ ಹಳೆ ಟೈರು ಹಾಕುವವರೆಗೂ ಹೋಗುತ್ತದೆ. ತೆರೆದ ಕಡಾಯಿಯ ಮೇಲೆ ಟೈರಿನ ಹೊಗೆ ಆಡಿದ ಬೆಲ್ಲಕ್ಕೆ ಸಾವಯವ ಎಂದು ಚೀಟಿ ಅಂಟಿಸಿ ಏನು ಪ್ರಯೋಜನ? ರವದಿ ಹೊಲದಲ್ಲೇ ಹೊದಿಕೆಯಾಗಿ ಬಿದ್ದಿರಲಿ, ಕೂಳೆ ಬೆಳೆಗೆ ತೇವ ಕಾಯುತ್ತದೆ.

ಸಿಪ್ಪೆ ಸಾಲದೆ ಬಂದರೆ ಮೊದಲು ಸಿಪ್ಪೆಯ ತೇವ ನೋಡಿ. ಮೂರು ದಿನ ಬಿಸಿಲಲ್ಲಿ ತೆಳ್ಳಗೆ ಹರಡಿ, ದಿನಕ್ಕೊಮ್ಮೆ ತಿರುವಿ ಹಾಕಿದ ಸಿಪ್ಪೆ ಮುರಿದರೆ ಪಟ್ ಎನ್ನಬೇಕು. ಬಾಗಿದರೆ ಇನ್ನೂ ಹಸಿ. ಅದರ ಬೆಂಕಿಯಲ್ಲಿ ದೊಡ್ಡ ಪಾಲು ಅದನ್ನೇ ಒಣಗಿಸಲು ಹೋಗುತ್ತದೆ. ಹೀಗಾಗಿ ಇವತ್ತಿನ ಅಡಿಗೆಗೆ ಮೂರು ದಿನ ಹಿಂದಿನ ಸಿಪ್ಪೆ ಬೇಕು, ಹಂಗಾಮಿನ ಮೊದಲ ಅಡಿಗೆಗೆ ಕಳೆದ ವರ್ಷದ್ದನ್ನು ಮುಚ್ಚಿಗೆಯಡಿ ಉಳಿಸಿಟ್ಟಿರಬೇಕು.

ಎರಡನೆಯದು ಗಾಳಿ. ಸಿಪ್ಪೆ ನೆಲದ ಮೇಲಲ್ಲ, ಕಬ್ಬಿಣದ ಜಾಳಿಗೆಯ ಮೇಲೆ ಉರಿಯಬೇಕು, ಕೆಳಗಿನಿಂದ ಗಾಳಿ ನುಗ್ಗಬೇಕು. ಬೂದಿ ತುಂಬಿ ಗಾಳಿ ಕಟ್ಟಿದರೆ ಉರಿ ಕೆಂಪಾಗಿ ಸೊರಗುತ್ತದೆ. ಕೊಳವೆಯಿಂದ ಬರುವ ಹೊಗೆಯೇ ಎಲ್ಲ ಹೇಳುತ್ತದೆ: ಕಪ್ಪು ಹೊಗೆ ಎಂದರೆ ಒಮ್ಮೆಲೇ ಹೊರೆ ತುರುಕಿದ್ದಾರೆ, ಅರೆಬರೆ ಸುಟ್ಟ ಇಂಧನ ಆಕಾಶಕ್ಕೆ ಹೋಗುತ್ತಿದೆ. ಸ್ವಲ್ಪ ಸ್ವಲ್ಪವೇ, ಬಿಡದೆ ಹಾಕುತ್ತ ಹೋದರೆ ಹೊಗೆ ಕಾಣಿಸುವುದೇ ಕಡಿಮೆ. ಕೊಳವೆಗೆ ಹೋಗುವ ಬಿಸಿಗಾಳಿಯ ದಾರಿಯಲ್ಲಿ ಇನ್ನೊಂದು ಚಿಕ್ಕ ಕಡಾಯಿ ಕೂರಿಸಿದರೆ ಮುಂದಿನ ಅಡಿಗೆಯ ಹಾಲು ಪುಕ್ಕಟೆ ಬೆಚ್ಚಗಾಗುತ್ತದೆ.

ರಾಡಿ ಎತ್ತುವುದು

ಮೊದಲ 40 ನಿಮಿಷ ಉರಿ ಸಣ್ಣಗಿರಲಿ. ಹಸಿ ಹಾಲಿನ ಪಿಎಚ್ 5.2–5.4 ಇರುತ್ತದೆ. ತಿನ್ನುವ ಸುಣ್ಣವನ್ನು ನೀರಿನಲ್ಲಿ ಕದಡಿ, ಸೋಸಿ, ಮೊದಲು 50 ಗ್ರಾಂ ಲೆಕ್ಕದಲ್ಲಿ ಹಾಕಿ ಪಿಎಚ್ ಪಟ್ಟಿಯಲ್ಲಿ ನೋಡಿ. 6ರಿಂದ 6.4 ಬರುವವರೆಗೆ ಸ್ವಲ್ಪಸ್ವಲ್ಪವೇ ಏರಿಸಿ. ಸುಣ್ಣ ಕಡಿಮೆಯಾದರೆ ಹುಳಿಯಲ್ಲಿ ಸಕ್ಕರೆ ಒಡೆದು ಬೆಲ್ಲ ಮೆತ್ತಗಾಗುತ್ತದೆ. ಹೆಚ್ಚಾದರೆ ಕಪ್ಪಾಗುತ್ತದೆ, ನಾಲಿಗೆಗೆ ಒಗರೂ ಬರುತ್ತದೆ. ದಿನಾ ಒಂದೇ ಅಳತೆ ಹಾಕುವ ರೂಢಿ ತಪ್ಪು, ಒಂದೊಂದು ಹೊಲದ ಹಾಲು ಒಂದೊಂದು ಥರ.

ಇನ್ನು ಬೆಂಡಿ. ಹಸಿ ಬೆಂಡಿಗಿಡದ ಕಾಂಡ, ಬೇರು ಒಂದೂವರೆ ಕಿಲೋ ಜಜ್ಜಿ, 10 ಲೀಟರ್ ನೀರಿನಲ್ಲಿ ಕಿವುಚಿ, ಲೋಳೆಯನ್ನು ಸೋಸಿಕೊಳ್ಳಿ. ಕಾಯಿ ಮುಗಿದ ಗಿಡವೂ ನಡೆಯುತ್ತದೆ. ಕಾಂಡ ಹಸಿ ಇರಬೇಕಷ್ಟೆ. ಹಾಲು ಕೈ ಇಡಲಾಗದಷ್ಟು ಬಿಸಿಯಾದಾಗ ಅರ್ಧ ಲೋಳೆ ಹಾಕಿ. ಹಾಲಿನಲ್ಲಿ ತೇಲುವ ಸಣ್ಣ ಕೊಳೆ, ಮೇಣ, ಸಸಾರಜನಕ ಎಲ್ಲ ಆ ಲೋಳೆಗೆ ಹತ್ತಿಕೊಂಡು ಹಸಿರುಗಪ್ಪು ಕೆನೆಯ ಹಾಗೆ ಮೇಲೆ ಬರುತ್ತದೆ. ಕೆನೆ ಬಿರುಕು ಬಿಟ್ಟು ನಡುವೆ ಬಿಳಿ ನೊರೆ ಇಣುಕಿದಾಗ ತೂತಿನ ಸೌಟಿನಿಂದ ಎತ್ತಿ. ಉಳಿದ ಲೋಳೆ ಹಾಕಿ, ಮತ್ತೊಮ್ಮೆ ಎತ್ತಿ. ಇಡೀ ಕೆಲಸ ಕೆಡುವ ಗಳಿಗೆ ಇದೇ. ರಾಡಿ ಎತ್ತುವ ಮುನ್ನ ಹಾಲು ಭರ್ರನೆ ಕುದ್ದರೆ ಕೆನೆ ಒಡೆದು ಒಳಗೇ ಕಲಸಿಹೋಗುತ್ತದೆ, ಮತ್ತೆ ಅದನ್ನು ಯಾವ ಸೌಟೂ ಎತ್ತಲಾರದು. ಹೈಡ್ರೋಸ್ ನೆನಪಾಗುವುದು ಸಾಮಾನ್ಯವಾಗಿ ಈ ತಪ್ಪಿನ ಮೇಲೆಯೇ. ಎತ್ತಿದ ರಾಡಿ ಗೊಬ್ಬರದ ಗುಂಡಿಗೆ ಹೋಗಲಿ.

ಹದ

ರಾಡಿ ಮುಗಿದ ಮೇಲೆ ಉರಿ ಜೋರು ಮಾಡಿ. ಇಲ್ಲಿ ತಡ ಮಾಡಿದಷ್ಟೂ ಬಣ್ಣ ಇಳಿಯುತ್ತದೆ. ಎರಡು, ಎರಡೂವರೆ ಗಂಟೆಯಲ್ಲಿ ಸುಮಾರು 480 ಕಿಲೋ ನೀರು ಆವಿಯಾಗಬೇಕು. ನೊರೆ ಉಕ್ಕಿದರೆ ಎರಡು ಚಮಚ ಶೇಂಗಾ ಅಥವಾ ಕೊಬ್ಬರಿ ಎಣ್ಣೆ ಚಿಮುಕಿಸಿ. ಪಾಕ ದಪ್ಪಗಾಗಿ ಗುಳ್ಳೆಗಳು ಹೆಂಚಿನ ಮೇಲಿನ ಹೋಳಿಗೆಯಂತೆ ಉಬ್ಬಿ, ಬುಸ್ಸೆಂದು ಒಡೆಯಲು ಶುರುವಾದಾಗ ಉರಿ ತಗ್ಗಿಸಿ, ತಳ ಹತ್ತದಂತೆ ಬಿಡದೆ ತಿರುವಿ.

ಪುಸ್ತಕಗಳಲ್ಲಿ ಗಟ್ಟಿ ಬೆಲ್ಲಕ್ಕೆ 118 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ನೀರು 100ಕ್ಕೆ ಕುದಿಯುವ ಊರಿನ ಲೆಕ್ಕ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಅಲ್ಲಿ ನೀರು ಹೆಚ್ಚುಕಡಿಮೆ 97.5ಕ್ಕೇ ಕುದಿಯುತ್ತದೆ. ಮುಧೋಳ, ಗೋಕಾಕದ ಕಡೆ 98ರ ಆಸುಪಾಸು. ಮೊದಲು ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಡಿ, ಬಂದ ಅಂಕಿಗೆ 18 ಕೂಡಿಸಿ. 98 ಬಂದರೆ ನಿಮ್ಮ ಹದ 116. ಪುಸ್ತಕದ 118 ನೋಡುತ್ತ ಕೂತರೆ ಬೆಲ್ಲ ಕಲ್ಲಾಗುತ್ತದೆ, ತಳವೂ ಸೀಯುತ್ತದೆ.

ಥರ್ಮಾಮೀಟರ್ ಇದ್ದರೂ ತಣ್ಣೀರಿನ ಪರೀಕ್ಷೆ ಬಿಡಬೇಡಿ. ಒಂದು ಚಮಚ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿ. ಹರಡಿದರೆ ಇನ್ನೂ ಹಸಿ. ಮೆತ್ತನೆ ಗುಂಡಾದರೆ ಹತ್ತಿರ ಬಂತು. ಗುಂಡು ಗಟ್ಟಿಯಾಗಿ, ತಾಟಿಗೆ ಒಗೆದರೆ ಟಣ್ ಎಂದರೆ ಕಡಾಯಿ ಇಳಿಸಿ. ಚೈನ್ ಪುಲ್ಲಿ ಮೊದಲೇ ಸಜ್ಜಾಗಿರಲಿ, ಈ ಹಂತದಲ್ಲಿ ಎರಡು ನಿಮಿಷವೂ ಬಹಳ. ಪಾಕ ಮೈಮೇಲೆ ಬಿದ್ದರೆ ನೀರಿನಂತೆ ಜಾರಿಹೋಗದೆ ಅಂಟಿಕೊಂಡು ಸುಡುತ್ತದೆ. ಪಕ್ಕದಲ್ಲಿ ತಣ್ಣೀರಿನ ಬ್ಯಾರಲ್ ತುಂಬಿಟ್ಟಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ತಣಿಸುವ ತಟ್ಟೆಗೆ ಸುರಿದ ಮೇಲೆ ಐದು ನಿಮಿಷ ಮುಟ್ಟಬೇಡಿ. ಆಮೇಲೆ ಕಟ್ಟಿಗೆಯ ಸಲಿಕೆಯಿಂದ ಅಂಚಿನಿಂದ ನಡುವಿಗೆ ಎಳೆಯುತ್ತ ತಿರುವಿ. ಗಾಳಿ ಸೇರಿದಂತೆ ಬಣ್ಣ ತಾನಾಗಿಯೇ ತಿಳಿಯಾಗುತ್ತದೆ, ಹರಳು ಕಟ್ಟುತ್ತದೆ. ಸಲಿಕೆ ಎಳೆದ ಗೆರೆ ಮುಚ್ಚಿಕೊಳ್ಳದೆ ನಿಂತಾಗ ಒದ್ದೆ ಬಟ್ಟೆ ಹಾಸಿದ ಅಚ್ಚಿಗೆ ತುಂಬಿ. ತಡ ಮಾಡಿದರೆ ಪೆಂಟಿ (ಬೆಲ್ಲದ ಅಚ್ಚು) ಉದುರುತ್ತದೆ, ಅವಸರ ಮಾಡಿದರೆ ನಡುವೆ ಮೆತ್ತಗೆ ಉಳಿಯುತ್ತದೆ. 10 ಕಿಲೋದ ಪೆಂಟಿಯ ಒಡಲು ಆರಲು ರಾತ್ರಿಯಿಡೀ ಬೇಕು. ಅರ್ಧ ಕಿಲೋ, ಒಂದು ಕಿಲೋ ಅಚ್ಚು ಬೇಗ ಗಟ್ಟಿಯಾಗುತ್ತದೆ, ಕಿರಾಣಿ ಅಂಗಡಿಗೂ ಅದೇ ಬೇಕು.

ಕಾಕಂಬಿ (ನೀರು ಬೆಲ್ಲ) ಬೇಕಾದರೆ ನೀರಿನ ಕುದಿಗಿಂತ 5–6 ಡಿಗ್ರಿ ಮೇಲಕ್ಕೇ ಇಳಿಸಿ, ಕಿಲೋಗೆ 400 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಕಲಸಿ, ಹರಳುಗಟ್ಟುವುದಿಲ್ಲ. ಪುಡಿ ಬೆಲ್ಲಕ್ಕೆ 20–22 ಡಿಗ್ರಿ ಮೇಲೆ ಹೋಗಬೇಕು.

ಪಂಚಮಿವರೆಗೆ ಇಡುವುದು

ಜನವರಿಯ ಬೆಲ್ಲ ನಾಗರಪಂಚಮಿಯ ಉಂಡಿಗೆ ಉಳಿಯಬೇಕು, ಆ ನಡುವೆ ಅರ್ಧ ಮಳೆಗಾಲ ಬರುತ್ತದೆ. ಬೆಲ್ಲ ಗಾಳಿಯ ತೇವ ಎಳೆಯುತ್ತದೆ. ಪೂರ್ತಿ ಆರಿದ ಪೆಂಟಿಯನ್ನು ಬೆಣ್ಣೆ ಕಾಗದದಲ್ಲಿ, ಅದರ ಮೇಲೆ ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಮೇ ತಿಂಗಳ ಕೊನೆಯೊಳಗೆ ಕಟ್ಟಿ ಮುಗಿಸಿ; ಬಿಸಿ ಆರದ ಬೆಲ್ಲ ಕಟ್ಟಿದರೆ ಚೀಲದೊಳಗೇ ಬೆವರುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಗೋಕಾಕ, ಅಮೀನಗಡದ ಕರದಂಟಿಗಾಗಲಿ ಮನೆಯ ಶೇಂಗಾ ಉಂಡಿಗಾಗಲಿ ಬೆಲ್ಲ ಪಾಕ ಹಿಡಿಯಬೇಕು. ಒಂದು ಹಿಡಿ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕಾಸಿ ನೋಡಿ. ಎಷ್ಟು ಹೊತ್ತು ಕಾಸಿದರೂ ಅಂಟಂಟಾಗಿಯೇ ಉಳಿದು ತಣ್ಣೀರಿನಲ್ಲಿ ಗುಂಡಾಗದಿದ್ದರೆ, ಮೇಲೆ ಎಷ್ಟೇ ಹಳದಿ ಇರಲಿ, ಅದು ಎಳೆ ಕಬ್ಬಿನದೋ ಹುಳಿತ ಹಾಲಿನದೋ ಬೆಲ್ಲ. ಕಂದು ಇದ್ದೂ ಟಣ್ ಎಂದರೆ ಚೌಕಾಸಿ ಮಾಡದೆ ಒಯ್ಯಿರಿ.