ಬಾಲಿ ಪದಪಟ್ಟಿಯ ಪಕ್ಕಕ್ಕೊಂದು ಕನ್ನಡದ ಕಾಲಂ: ನನ್ನ ಅನುಭವ

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ, ಗಿಯಾನ್ಯಾರ್ ಕಡೆಯ ಒಂದು ಮನೆಯ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ ದಿನಗಳಲ್ಲಿ, ಅಲ್ಲಿನ ನುಡಿ ಕಲಿಯಲೆಂದು ನಾನು ನೆಚ್ಚಿಕೊಂಡದ್ದು ಎಡಕ್ಕೆ ಬಾಲಿ ಪದ, ಬಲಕ್ಕೆ ಅದರ ಇಂಗ್ಲಿಷ್ ಅರ್ಥ ಇದ್ದ ಒಂದು ಪಟ್ಟಿಯನ್ನು. ದಿನಕ್ಕೆ 20 ಪದಗಳಂತೆ ಉರುಹೊಡೆದೆ. 'ಸುಬಾ' ಎಂದರೆ ಆಯಿತು, 'ಙಮಾಹ್' ಎಂದರೆ ತಿನ್ನುವುದು ಎಂದು ಓದಿಕೊಂಡವನು, ಒಂದು ಬೆಳಿಗ್ಗೆ ತೆಂಗಿನ ಎಳೆಗರಿಯಲ್ಲಿ ಪೂಜೆಗೆ ಇಡುವ 'ಚನಾಂಗ್' ಎಂಬ ಪುಟ್ಟ ತಟ್ಟೆ ಕಟ್ಟುತ್ತ ಕುಳಿತಿದ್ದ ಮನೆಯ ಅಜ್ಜಿಯನ್ನು "ದಾದೊಂಗ್, ಸುಬಾ ಙಮಾಹ್?" ಎಂದು ಕೇಳಿಬಿಟ್ಟೆ. (ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಙಕಾರ ಕಡೆಗೂ ಉಪಯೋಗಕ್ಕೆ ಬಂದದ್ದು ಹೀಗೆ.) ಅಜ್ಜಿಯ ಕೈ ನಿಂತಿತು. ಒಳಗಿನಿಂದ ನಗುತ್ತ ಬಂದ ಸೊಸೆ, ಅದು ಹಿತ್ತಿಲಿನ ಹಂದಿ ತಿನ್ನುವುದಕ್ಕೆ ಹೇಳುವ ಮಾತೆಂದೂ, ಹಿರಿಯರನ್ನು 'ಸಂಪುನ್ ಙಜೆಂಗ್?' ಎಂದು ಕೇಳಬೇಕೆಂದೂ, ನನ್ನ ಊಟದ ಬಗ್ಗೆ ನಾನೇ ಹೇಳುವಾಗ ತಗ್ಗಿ 'ನುನಾಸ್' ಎನ್ನಬೇಕೆಂದೂ ತಿದ್ದಿದರು. ನುನಾಸ್ ಎಂದರೆ ಬೇಡಿ ಪಡೆಯುವುದು ಎಂಬ ಅರ್ಥವೂ ಇದೆ.

ಆ ಸಂಜೆಯೇ ಹೊಸ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಪದ, ಅದು 'ಅಲುಸ್' ಎಂಬ ಗೌರವದ ಮಾತೋ ಸಲಿಗೆಯ ಮಾತೋ, ಯಾರು ಯಾರ ಬಗ್ಗೆ ಆಡುವುದು, ಕೊನೆಯಲ್ಲಿ ಕನ್ನಡ. ಇಂಗ್ಲಿಷನ್ನು ಕೈಬಿಟ್ಟದ್ದು ಹಟದಿಂದಲ್ಲ. ಪಟ್ಟಿಯಲ್ಲಿ 'ಪಾದಿ', 'ಬಾಸ್', 'ನಾಸಿ' ಈ ಮೂರರ ಎದುರಿಗೂ 'ರೈಸ್' ಎಂದೇ ಇತ್ತು. ಕನ್ನಡದಲ್ಲಿ ಬರೆಯಹೊರಟಾಗ ಅವು ತಾವಾಗಿಯೇ ಭತ್ತ, ಅಕ್ಕಿ, ಅನ್ನ ಎಂದು ಬೇರೆಯಾದವು. ಸಾವಿನ ಪದಗಳದ್ದೂ ಇದೇ ಕಥೆ. ಪ್ರಾಣಿಗೆ 'ಬಂಗ್ಕಾ', ನಮ್ಮವರ ಬಗ್ಗೆ ವಿನಯದಿಂದ ಹೇಳುವಾಗ 'ಪದೆಮ್', ಮಾನ್ಯರಿಗೆ 'ಸೆದಾ'; ಸತ್ತಿತು, ತೀರಿಕೊಂಡರು, ದೈವಾಧೀನರಾದರು ಎಂದು ಸಂದರ್ಭ ನೋಡಿ ಮಾತಾಡುವವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ, ಯಾವುದು ಎಲ್ಲಿಗೆ ಎಂದು ಗುರುತು ಹಾಕಿಕೊಂಡರೆ ಸಾಕು.

ಆದರೆ ಕನ್ನಡ ಕಾಲಂ ಕೂಡ ನನ್ನನ್ನು ಒಂದು ಕಡೆ ಕೆಡವಿತು. ಸಂಸ್ಕೃತದಿಂದ ಹೋದ ಪದ ಕಂಡೊಡನೆ ಗೊತ್ತಿರುವುದೇ ಎಂದು ಮುಂದೆ ಸಾಗುತ್ತಿದ್ದೆ. ಸೋಮ, ಬುದ, ಸುಕ್ರ ಎಂಬ ವಾರದ ಹೆಸರುಗಳಲ್ಲಿ, ನೀರಿಗೆ ಗೌರವದ ಪದವಾದ 'ತೋಯ'ದಲ್ಲಿ, ದೇವರ ನೀರಾದ 'ತೀರ್ತ'ದಲ್ಲಿ ಅದು ನಡೆಯಿತು. 'ಪುರ' ಮಾತ್ರ ಅಲ್ಲಿ ಊರಲ್ಲ, ದೇವಸ್ಥಾನ, 'ಪುರಿ' ಅರಮನೆ, 'ಸುಕ್ಸ್ಮ' ಎಂದರೆ ಧನ್ಯವಾದ. ಎಲ್ಲಕ್ಕಿಂತ ಎಡವಿಸಿದ್ದು 'ದುಕ'. ಮಾನ್ಯರೊಬ್ಬರು ದುಕದಲ್ಲಿದ್ದಾರೆಂದು ಕೇಳಿ, ಸಮಾಧಾನ ಹೇಳಲು ಹೊರಟವನನ್ನು ಆ ಸೊಸೆಯೇ ತಡೆದರು. ಅವರಿಗೆ ಬಂದಿದ್ದದ್ದು ಸಿಟ್ಟು.

ದಿಕ್ಕುಗಳನ್ನು ಬರೆದುಕೊಳ್ಳುವಾಗ ಮತ್ತೆ ಹಳೆಯ ಪಟ್ಟಿಯನ್ನೇ ನಂಬಿದೆ: 'ಕಾಜಾ' ಉತ್ತರ, 'ಕೆಲೋದ್' ದಕ್ಷಿಣ. ಗಿಯಾನ್ಯಾರಿನಲ್ಲಿ ಇದು ಸರಿಹೋಗುತ್ತಿತ್ತು. ಮನೆದೇವರ ಗುಡಿಗಳು ಕಾಜಾ ಮತ್ತು ಪೂರ್ವ ಸೇರುವ ಮೂಲೆಯಲ್ಲಿದ್ದವು, ಅಡುಗೆಮನೆ ಕೆಲೋದ್ ಬದಿಗಿತ್ತು. 1928ರಲ್ಲಿ ಸ್ಥಾಪನೆಯಾದ, ತಾಳೆಗರಿಯ ಗ್ರಂಥಗಳನ್ನು ಕಾಯ್ದಿಟ್ಟಿರುವ ಗೆದೊಂಗ್ ಕೀರ್ತ್ಯ ಗ್ರಂಥಾಲಯವನ್ನು ನೋಡಲು ದ್ವೀಪದ ಉತ್ತರ ತೀರದ ಸಿಂಗರಾಜಕ್ಕೆ ಹೋದಾಗ, ದಾರಿ ಕೇಳಿದ್ದಕ್ಕೆ ಅಂಗಡಿಯವರೊಬ್ಬರು ಕಾಜಾ ಕಡೆಗೆ ಹೋಗಿ ಎಂದರು. ಫೋನಿನಲ್ಲಿ ಉತ್ತರ ನೋಡಿಕೊಂಡು ಬಿಸಿಲಿನಲ್ಲಿ ನಡೆದೆ. ಸ್ವಲ್ಪ ಹೊತ್ತಿಗೆ ರಸ್ತೆ ಮುಗಿದು ಕಡಲು ಬಂತು. ಅಲ್ಲೇ ದಂಡೆಯ ಕಲ್ಲಿನ ಮೇಲೆ ಕುಳಿತು, ನೋಟ್‌ಬುಕ್ಕಿನಲ್ಲಿದ್ದ 'ಉತ್ತರ'ವನ್ನು ಹೊಡೆದುಹಾಕಿ 'ಬೆಟ್ಟದ ಕಡೆ' ಎಂದೂ, 'ದಕ್ಷಿಣ'ವನ್ನು ಹೊಡೆದು 'ಕಡಲ ಕಡೆ' ಎಂದೂ ತಿದ್ದಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ.