ಇಳಿಯುತ್ತಿರುವ ಕಂಪನಿಯಲ್ಲಿ ಕೆಲಸ ಮಾಡೋದು ಹೇಗೆ

ನಾನು ಆರು ವರ್ಷ ಒಂದು ಇಂಟರ್ನೆಟ್ ಕಂಪನಿಯಲ್ಲಿದ್ದೆ. ಹಳೇ ಗಾಡಿ, ಬಾಡಿಗೆ ಮನೆ, ಅಂಗಡಿ ಜಾಹೀರಾತು ಹಾಕುವ ತಾಣ ನಮ್ಮದು. ಆಫೀಸ್ ಬೆಂಗಳೂರಿನಲ್ಲಿ. 2020ರಿಂದ ನಾನು ಬೆಳಗಾವಿಯ ತಿಲಕವಾಡಿಯ ಮನೆಯಲ್ಲೇ ಕೂತು ಕೆಲಸ ಮಾಡಿದೆ. ನಾನು ಸೇರುವ ಹೊತ್ತಿಗೇ ಅದು ಇಳಿಯೋಕೆ ಶುರುವಾಗಿತ್ತು, ನನಗೆ ಗೊತ್ತಾಗಲಿಲ್ಲ ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಜನರ ಕೈಗೆ ಅಗ್ಗದ ಡೇಟಾ ಸಿಕ್ಕಿತು, ನಮಗೂ ಜನ ಜಾಸ್ತಿ ಆಗುತ್ತಾರೆ ಅಂತ ಎಲ್ಲರೂ ಖುಷಿಪಟ್ಟರು, ಆದರೆ ಬಂದವರು ಮೊಬೈಲ್‌ನಲ್ಲಿ ಬಂದರು, ನಮ್ಮ ತಾಣ ಕಟ್ಟಿದ್ದು ಕಂಪ್ಯೂಟರ್ ಪರದೆಗೆ. ಜನ ವಾಟ್ಸಾಪ್ ಗ್ರೂಪಿನಲ್ಲೇ ಬೈಕ್ ಮಾರೋಕೆ ಶುರು ಮಾಡಿದರು.

ಇಂಥ ಕಡೆ ಇದ್ದೀರಿ ಅಂದರೆ ಮೊದಲು ಒಂದು ವಿಷಯ ತಲೆಯಲ್ಲಿರಲಿ: ಇಳಿಯೋದು ಬಹಳ ನಿಧಾನ. ಯಾಹೂವನ್ನೇ ನೋಡಿ. 2008ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಸುಮಾರು 44.6 ಬಿಲಿಯನ್ ಡಾಲರ್ ಕೊಡ್ತೀನಿ ಅಂತು, ಯಾಹೂ ಒಲ್ಲೆ ಅಂತು. 2017ರಲ್ಲಿ ಅದರ ಮುಖ್ಯ ವ್ಯಾಪಾರ ಅಮೆರಿಕದ ಫೋನ್ ಕಂಪನಿ ವೆರೈಝನ್‌ಗೆ ಹೋಗಿದ್ದು ಸುಮಾರು 4.48 ಬಿಲಿಯನ್‌ಗೆ. ನಡುವಿನ ಒಂಬತ್ತು ವರ್ಷ ಅಲ್ಲಿ ಸಾವಿರಾರು ಜನ ತಿಂಗಳಾ ಸಂಬಳ ತಗೊಂಡು ಮನೆ ನಡೆಸಿದರು. ಹಾಗಾಗಿ ಒಂದು ಕೆಟ್ಟ ತಿಂಗಳಿಗೆ ಓಡಬೇಡಿ. ಸುಮ್ನೆ ಕೂತೂ ಇರಬೇಡಿ.

ಏನನ್ನು ನೋಡಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಅಪ್ಪ. ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದವರು, ಕಂಪ್ಯೂಟರ್ ಮುಟ್ಟಿದವರಲ್ಲ. "ಮೂರು ಪಾಳಿ ಇದ್ದದ್ದು ಎರಡು ಆತಂದ್ರ ನಿನ್ನ ಕಾಗದಪತ್ರ ಎಲ್ಲಾ ಮನೀಗೆ ತಂದಿಡಪಾ" ಅಂದಿದ್ದರು. ನಮ್ಮಲ್ಲಿ ಪಾಳಿ ಇಲ್ಲ, ಆದರೆ ಅದರಂಥವು ಇವೆ. ಕಾಫಿ ಮಷಿನ್ ತೆಗೆದರೆ ತಲೆ ಕೆಡಿಸಿಕೊಳ್ಳಬೇಡಿ. ಬಿಟ್ಟುಹೋದವರ ಜಾಗಕ್ಕೆ ಯಾರೂ ಬರದಿದ್ದರೆ, ಸಪ್ಲೈಯರ್‌ಗಳು ನೇರ ನಿಮಗೇ ಫೋನ್ ಮಾಡಿ "ಸರ್, ಬಿಲ್ ಬಾಕಿ ಇದೆ" ಅಂದರೆ, 30ನೇ ತಾರೀಕು ಬರುತ್ತಿದ್ದ ಸಂಬಳ 5ಕ್ಕೆ, ಆಮೇಲೆ 8ಕ್ಕೆ ಜಾರಿದರೆ, ಆಗ ಎದ್ದು ಕೂರಿ. ಎಲ್ಲಕ್ಕಿಂತ ದೊಡ್ಡ ಗುರುತು ಅಕೌಂಟ್ಸ್‌ನವರು ರಾಜೀನಾಮೆ ಕೊಡೋದು. ಎಲ್ಲರನ್ನೂ ಕೂರಿಸಿ ಬಾಸ್ ಮಾಡುವ ಭಾಷಣಕ್ಕಿಂತ ಅದು ನಿಜ ಹೇಳುತ್ತದೆ.

ಇನ್ನು ಕಾಗದಪತ್ರ. ಯುಎಎನ್ (ನಿಮ್ಮ ಪಿಎಫ್‌ನ ನಂಬರ್) ಹಾಕಿ ಪಿಎಫ್ ಪಾಸ್‌ಬುಕ್ ಪ್ರತಿ ತಿಂಗಳು ತೆಗೆದು ನೋಡಿ. ಸಂಬಳದಿಂದ ಹಿಡಿದ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನನ್ನ ಪೇ ಸ್ಲಿಪ್‌ನಲ್ಲಿ ಹಿಡಿದಿದ್ದರು, ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ. ಕೇಳಿದರೆ ಸರ್ವರ್ ಸಮಸ್ಯೆ ಅಂದರು, ಸರ್ವರ್ ನೋಡಿಕೊಳ್ಳುವವನಿಗೇ! ಫೋನ್ ಬಿಟ್ಟು ಮೇಲ್ ಬರೆದೆ, ಮೂರನೇ ತಿಂಗಳು ಎಲ್ಲ ಜಮಾ ಆಯ್ತು. ಆಗದಿದ್ದರೆ ಪಿಎಫ್ ಇಲಾಖೆಯ ಆನ್‌ಲೈನ್ ದೂರು ಪೋರ್ಟಲ್ ಇದೆ. ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿಯುವ ತೆರಿಗೆ ಕೂಡ ಹೀಗೇ, ಹಿಡಿದಿದ್ದು ನಿಮ್ಮ ಪ್ಯಾನ್‌ಗೆ ಬಂತಾ ಅಂತ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ಪೇ ಸ್ಲಿಪ್‌ಗಳನ್ನು ಇವತ್ತೇ ಇಳಿಸಿಟ್ಟುಕೊಳ್ಳಿ, ಯಾಕೆಂದರೆ ಆ ಪೇರೋಲ್ ಸಾಫ್ಟ್‌ವೇರ್‌ಗೂ ಕಂಪನಿ ದುಡ್ಡು ಕಟ್ಟಬೇಕು.

ಸಿಟ್ಟಿನಲ್ಲಿ ರಾಜೀನಾಮೆ ಬರೆಯುವ ಮೊದಲು ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿನ ಲೆಕ್ಕ ಹಾಕಿ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ಈ ಲೆಕ್ಕಕ್ಕೆ ಬರುವ ಕೊನೆಯ ತಿಂಗಳ ವೇತನ 40,000, ಸೇವೆ 6 ವರ್ಷ ಅಂದುಕೊಳ್ಳಿ. 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 6ರಿಂದ ಗುಣಿಸಿದರೆ ಸುಮಾರು 1,38,000 ರೂಪಾಯಿ. ಐದಕ್ಕೆ ಕೆಲವೇ ತಿಂಗಳು ಬಾಕಿ ಇದ್ದರೆ ತಡೆದುಕೊಳ್ಳಿ, ಕಂಪನಿ ಹತ್ತಿರ ಕೊಡೋಕೆ ದುಡ್ಡು ಉಳಿದಿರುತ್ತದೆ ಅನಿಸಿದರೆ ಮಾತ್ರ. ಅಪ್ಪ ಅಮ್ಮ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದಾರಾ? ನೀವು ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಶುಗರ್, ಬಿಪಿಗೆ 3 ವರ್ಷದವರೆಗೂ ಕಾಯಿಸಬಹುದು. ಅದಕ್ಕೇ ಕೆಲಸ ಇರುವಾಗಲೇ ಸ್ವಂತದ್ದೊಂದು ಮಾಡಿಸಿ.

ಈಗ ಕೆಲಸದ ಮಾತು. ಒಂದು ಭಾನುವಾರ ನಮ್ಮ ತಾಣದಲ್ಲಿ ಯಾರಿಗೂ ಒಟಿಪಿ ಹೋಗುತ್ತಿರಲಿಲ್ಲ. ಹೊರಗೆ ಜೋರು ಮಳೆ, ಕರೆಂಟ್ ಬೇರೆ ಹೋಗಿತ್ತು. ಇನ್ವರ್ಟರ್ ಕರೆಂಟಿನಲ್ಲಿ ಕೂತು ನಾಲ್ಕು ತಾಸು ಕೋಡ್ ನೋಡಿದೆ, ಲಾಗ್ ನೋಡಿದೆ, ಹಿಂದಿನ ಶುಕ್ರವಾರ ಹಾಕಿದ ಬದಲಾವಣೆಯನ್ನು ವಾಪಸ್ ತೆಗೆದೆ, ಅದನ್ನು ಬರೆದ ಹುಡುಗನಿಗೆ ಫೋನ್ ಮಾಡಿ ಬೈದೆ ಕೂಡ. ಕೊನೆಗೆ ನೋಡಿದರೆ ಎಸ್‌ಎಂಎಸ್ ಕಂಪನಿಯ ಪ್ರೀಪೇಯ್ಡ್ ಖಾತೆಯಲ್ಲಿ ಬ್ಯಾಲೆನ್ಸ್ ಇಲ್ಲ. ಅದಕ್ಕೆ ದುಡ್ಡು ತುಂಬುತ್ತಿದ್ದವರು ಎರಡು ವಾರದ ಹಿಂದೆ ಕೆಲಸ ಬಿಟ್ಟಿದ್ದರು. ಹುಡುಗನಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಆವತ್ತೇ ಒಂದು ಶೀಟ್ ಮಾಡಿದೆ, ನೀವೂ ಮಾಡಿ. ಡೊಮೇನ್ (ತಾಣದ ವಿಳಾಸ), ಸರ್ಟಿಫಿಕೇಟ್ (ತಾಣ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಗುರುತು), ಎಸ್‌ಎಂಎಸ್, ಮೇಲ್, ಪೇಮೆಂಟ್ ಗೇಟ್‌ವೇ, ಕ್ಲೌಡ್ (ಬಾಡಿಗೆ ಸರ್ವರ್). ಪ್ರತಿಯೊಂದರ ಮುಂದೆ ಯಾವ ಮೇಲ್ ಐಡಿ, ಯಾರ ಕಾರ್ಡ್, ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಬರೆಯಿರಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ನಮಗೆ 90 ದಿನಕ್ಕೆ ಮುಗಿಯುತ್ತಿತ್ತು, ಅದು ತಾನಾಗೇ ನವೀಕರಣ ಆಗುತ್ತದೆ ಅಂತ ಎಲ್ಲರೂ ನಂಬಿದ್ದರು, ಆ ಸ್ಕ್ರಿಪ್ಟ್ ಓಡುತ್ತಿದ್ದ ಮಷಿನ್ನನ್ನು ಖರ್ಚು ಉಳಿಸೋಕೆ ಅಂತ ಯಾರೋ ಬಂದ್ ಮಾಡಿದ್ದರು. ಇಳಿಯುವ ಕಂಪನಿಯಲ್ಲಿ ಏನಾದರೂ ನಿಂತರೆ ಮೊದಲು ಬಿಲ್ ನೋಡಿ, ಆಮೇಲೆ ಕೋಡ್.

ಬ್ಯಾಕಪ್ ಇದೆ ಅನ್ನೋದನ್ನು ನಂಬಬೇಡಿ. ತಿಂಗಳಿಗೊಮ್ಮೆ ಬೇರೆ ಮಷಿನ್‌ನಲ್ಲಿ ರೀಸ್ಟೋರ್ ಮಾಡಿ ತೆರೆದು ನೋಡಿ. ಮೈಸ್ಪೇಸ್‌ನಂಥ ಒಂದು ಕಾಲದ ದೊಡ್ಡ ತಾಣವೇ ಸರ್ವರ್ ಬದಲಿಸುವಾಗ ಜನ ಹಾಕಿದ್ದ ವರ್ಷಗಟ್ಟಲೆ ಹಾಡು, ಫೋಟೋ ಕಳೆದುಕೊಂಡಿತು ಅಂತ 2019ರಲ್ಲಿ ಒಪ್ಪಿಕೊಂಡಿತು.

ಇದರಲ್ಲಿ ಒಂದು ಲಾಭವೂ ಇದೆ. ಹದಿನಾಲ್ಕು ಜನ ಇದ್ದ ನಮ್ಮ ಟೀಮ್ ಮೂರಕ್ಕೆ ಇಳಿದಾಗ ಇಡೀ ಸಿಸ್ಟಮ್ ನನ್ನ ಕೈಗೆ ಬಂತು. ದೊಡ್ಡ ಕಂಪನಿಯಲ್ಲಿ ಹತ್ತು ವರ್ಷ ಇದ್ದರೂ ನಿಮಗೆ ಡೇಟಾಬೇಸ್ ಮುಟ್ಟೋಕೆ ಬಿಡೋದಿಲ್ಲ. ನಾನು ಮೊದಲು ಮಾಡಿದ್ದು ಟೆಸ್ಟಿಂಗ್ ಸರ್ವರ್‌ಗಳನ್ನು ರಾತ್ರಿ, ಶನಿವಾರ, ಭಾನುವಾರ ಬಂದ್ ಮಾಡೋದು. ವಾರಕ್ಕೆ 168 ತಾಸು, ನಾವು ಬಳಸುತ್ತಿದ್ದದ್ದು 50. ಅಲ್ಲಿಗೆ ಆ ಮಷಿನ್‌ಗಳ ತಾಸಿನ ಬಾಡಿಗೆಯಲ್ಲಿ ಶೇ. 70 ಉಳಿಯಿತು. ಆಮೇಲೆ ಯಾರಿಗೂ ಬೇಡದ ಹಳೇ ಡಿಸ್ಕ್ ತೆಗೆದೆ. ಇಂಟರ್‌ವ್ಯೂನಲ್ಲಿ ನನಗೆ ಕೆಲಸ ಕೊಡಿಸಿದ್ದು ಇದೇ ಕಥೆ. ಹಳೇ ಕಂಪನಿಯನ್ನು ಬೈದು ಯಾರಿಗೂ ಕೆಲಸ ಸಿಕ್ಕಿಲ್ಲ.

ಹೊಸ ಮ್ಯಾನೇಜರ್ ಬಂದು ಎಲ್ಲ ಕಿತ್ತು ಮೈಕ್ರೋಸರ್ವಿಸ್ ಮಾಡೋಣ, ಅಂದರೆ ಒಂದೇ ತಾಣವನ್ನು ಹತ್ತಾರು ಸಣ್ಣ ಬಿಡಿ ಪ್ರೋಗ್ರಾಮ್ ಆಗಿ ಒಡೆಯೋಣ ಅಂದರೆ ಒಪ್ಪಬೇಡಿ. ಬರುವ ಜನ ಅರ್ಧಕ್ಕೆ ಇಳಿದಿರುವಾಗ ಹತ್ತು ಕೋಣೆ ಯಾಕೆ ಕಟ್ಟಬೇಕು?

ತಾಣ ಮುಚ್ಚೋ ತೀರ್ಮಾನ ಆದರೆ, ಬಳಸುವವರಿಗೆ ತಮ್ಮ ಡೇಟಾ ಇಳಿಸಿಕೊಳ್ಳುವ ಬಟನ್ ಬೇಕು ಅಂತ ಹಟ ಹಿಡಿಯಿರಿ. ಫೇಸ್‌ಬುಕ್‌ನಂಥದ್ದೇ ತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದಾಗ ಮೂರು ತಿಂಗಳು ಮೊದಲೇ ಹೇಳಿತ್ತು. ನಾನೂ ಸೈಬರ್ ಕೆಫೆ ಕಾಲದ ಫೋಟೋ ಇಳಿಸಿಕೊಂಡೆ.

ಯಾವಾಗ ಬಿಡಬೇಕು ಅನ್ನೋದನ್ನು ಮನಸ್ಸು ಶಾಂತ ಇರುವಾಗಲೇ ಬರೆದಿಡಿ. ನನ್ನ ಗೆರೆ, ಸತತ ಎರಡು ತಿಂಗಳು ಸಂಬಳ 10ನೇ ತಾರೀಕು ದಾಟಿದರೆ. ಬೆಳಗಾವಿಯಲ್ಲಿ ಸ್ವಂತ ಮನೆಯಲ್ಲಿದ್ದದ್ದರಿಂದ ಬೆಂಗಳೂರಿನ ಬಾಡಿಗೆ ಉಳಿದು ಆರು ತಿಂಗಳ ಖರ್ಚು ಕೈಯಲ್ಲಿತ್ತು. ಇಲ್ಲದಿದ್ದರೆ ಗೆರೆಯನ್ನು ಇನ್ನೂ ಮೊದಲೇ ಎಳೆದು ಬೇಗ ಬಿಡುತ್ತಿದ್ದೆ. ಲ್ಯಾಪ್‌ಟಾಪ್ ಕೊರಿಯರ್‌ಗೆ ಕೊಡುವಾಗ ಸೀರಿಯಲ್ ನಂಬರ್ ಸಮೇತ ಫೋಟೋ ತೆಗೆಯಿರಿ, ರಸೀದಿ ಇಟ್ಟುಕೊಳ್ಳಿ, ಕೊನೆಯ ಲೆಕ್ಕ ಅದಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ರಿಲೀವಿಂಗ್ ಲೆಟರ್ ಸಹಿ ಹಾಕುವವರು ಇರುವಾಗಲೇ ತಗೊಳ್ಳಿ. ನಮ್ಮ ಎಚ್‌ಆರ್ ಮೇಡಂ ನನ್ನದಕ್ಕೆ ಸಹಿ ಹಾಕಿದ ಮುಂದಿನ ವಾರ ತಮ್ಮದಕ್ಕೂ ತಾವೇ ಸಹಿ ಹಾಕಿಕೊಂಡರು.